ಹೊಸ ಬಡಾವಣೆ ಮತ್ತು ಹಳೆಯ ಬಯಲು: ವಿಹಾರದ ಒತ್ತಡಕ್ಕೆ ಪರ್ಯಾಯ ಹಸಿರುತಾಣ

ನಗರದ ಅಂಚಿನಲ್ಲಿ ಹೊಸ ಬಡಾವಣೆಯೊಂದು ತಲೆಯೆತ್ತಿದಾಗ ನಿಸರ್ಗಕ್ಕೆ ಎರಡು ಬಗೆಯ ಹಾನಿ ಸಂಭವಿಸುತ್ತದೆ. ಮೊದಲನೆಯದು ಎಲ್ಲರ ಕಣ್ಣಿಗೂ ಕಾಣುವಂಥದು. ಮರಗಳು ಉರುಳುತ್ತವೆ, ಕೆರೆ ತುಂಬಿಹೋಗುತ್ತದೆ, ಹೊಲವಿದ್ದಲ್ಲಿ ಗೋಡೆಗಳೇಳುತ್ತವೆ. ಎರಡನೆಯದು ಸುಲಭವಾಗಿ ಗೋಚರಿಸುವುದಿಲ್ಲ. ಸಂರಕ್ಷಿತ ಕಾಡು ಅಥವಾ ಬಯಲಿನ ಗಡಿಯೊಳಗೆ ಒಂದು ಇಟ್ಟಿಗೆಯನ್ನೂ ಇಟ್ಟಿರುವುದಿಲ್ಲ. ಆದರೆ ಗಡಿಯ ಹೊರಗೆ ಕಟ್ಟಿದ ಮನೆಗಳಲ್ಲಿ ನೆಲೆಸಿದ ಜನರು ಬೆಳಗ್ಗೆ ಮತ್ತು ಸಂಜೆ ಆ ಬಯಲಿಗೆ ನಡೆದಾಡಲು ಹೋಗುತ್ತಾರೆ. ನಾಯಿಯನ್ನು ಕರೆದೊಯ್ಯುತ್ತಾರೆ, ಮಕ್ಕಳನ್ನು ಆಡಲು ಬಿಡುತ್ತಾರೆ. ವರ್ಷಗಳು ಕಳೆದಂತೆ ಅಲ್ಲಿನ ಹಕ್ಕಿಗಳು ಸದ್ದಿಲ್ಲದೆ ಕಡಿಮೆಯಾಗುತ್ತವೆ. ಈ ಎರಡನೆಯ ಬಗೆಯ ಹಾನಿಯ ಮೂಲವನ್ನು ವಿಹಾರದ ಒತ್ತಡ ಎಂದು ಕರೆಯಬಹುದು.

ಈ ಸಮಸ್ಯೆಯಲ್ಲಿ ಅಪರಾಧಿ ಎಂಬುವನಿಲ್ಲ. ಜನರಿಗೆ ಮನೆ ಬೇಕು. ಮನೆಯಿಂದ ಹೊರಬಂದು ಹಸಿರಿನ ನಡುವೆ ಉಸಿರಾಡುವುದೂ ಅಷ್ಟೇ ನ್ಯಾಯವಾದ ಅಗತ್ಯ. ಹಾಗೆಂದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ತನ್ನ ಗೂಡನ್ನು ಬೇರೆಡೆಗೆ ಒಯ್ಯಲಾರದು. ಇವೆರಡರ ನಡುವೆ ದಾರಿ ಹುಡುಕುವ ಪ್ರಯತ್ನವೊಂದು ಇಂಗ್ಲೆಂಡಿನ ಥೇಮ್ಸ್ ಕಣಿವೆಯ ಬಯಲುಗಳಲ್ಲಿ ಎರಡು ದಶಕಗಳಿಂದ ನಡೆದಿದೆ. ಅದರ ಸ್ವರೂಪ, ಲೆಕ್ಕಾಚಾರ ಮತ್ತು ಮಿತಿಗಳನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೀತ್ ಎಂಬ ನೆಲ

ಲಂಡನ್ ನಗರದ ನೈಋತ್ಯಕ್ಕೆ ಸರ್ರೆ, ಹ್ಯಾಂಪ್‌ಶೈರ್ ಮತ್ತು ಬರ್ಕ್‌ಶೈರ್ ಎಂಬ ಪ್ರಾಂತಗಳಿವೆ. ಇಲ್ಲಿನ ಮರಳುಮಿಶ್ರಿತ, ಸತ್ತ್ವಹೀನ ನೆಲದಲ್ಲಿ ನೇರಳೆ ಹೂವಿನ ಹೆದರ್ ಎಂಬ ಕುಳ್ಳ ಪೊದೆಯೂ ಹಳದಿ ಹೂವಿನ ಗೋರ್ಸ್ ಎಂಬ ಮುಳ್ಳುಪೊದೆಯೂ ಹರಡಿಕೊಂಡಿರುತ್ತವೆ. ಇಂತಹ ಕುರುಚಲು ಬಯಲಿಗೆ ಅಲ್ಲಿ ಹೀತ್ ಎಂದು ಹೆಸರು.

ಹೀತ್ ಮನುಷ್ಯನ ಕೈ ಸೋಕದ ನೆಲವಲ್ಲ ಎಂಬುದನ್ನು ಗಮನಿಸಬೇಕು. ಸಾವಿರಾರು ವರ್ಷಗಳ ಹಿಂದೆ ಜನರು ಕಾಡನ್ನು ಕಡಿದು, ದನಕುರಿಗಳನ್ನು ಮೇಯಿಸಿ, ಉರುವಲಿಗಾಗಿ ಪೊದೆಗಳನ್ನು ಕತ್ತರಿಸುತ್ತ ಬಂದುದರಿಂದ ಅದು ರೂಪುಗೊಂಡಿತು. ಮೇಯಿಸುವುದೂ ಕತ್ತರಿಸುವುದೂ ನಿಂತರೆ ಬರ್ಚ್ ಮತ್ತು ಪೈನ್ ಮರಗಳು ಎದ್ದು ಬಯಲು ಮತ್ತೆ ಕಾಡಾಗುತ್ತದೆ. ಬೇಸಾಯ, ನೆಡುತೋಪು, ರಸ್ತೆ ಮತ್ತು ಕಟ್ಟಡಗಳ ಕಾರಣದಿಂದ 1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುನಾಡಿನ ಹೀತ್‌ಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಇಲ್ಲವಾಗಿದೆ.

ಅಳಿದುಳಿದ ತುಣುಕುಗಳ ಪೈಕಿ 8,000 ಹೆಕ್ಟೇರಿಗೂ ಮಿಕ್ಕ ಪ್ರದೇಶವನ್ನು 2005ರ ಮಾರ್ಚ್ ತಿಂಗಳಲ್ಲಿ 'ಥೇಮ್ಸ್ ಬೇಸಿನ್ ಹೀತ್ಸ್' ಎಂಬ ಹೆಸರಿನಲ್ಲಿ ವಿಶೇಷ ಸಂರಕ್ಷಣಾ ಪ್ರದೇಶವೆಂದು ಗೊತ್ತುಪಡಿಸಲಾಯಿತು. ಇದು ಒಂದೇ ಅಖಂಡ ಕಾಡಲ್ಲ. ಬ್ರ್ಯಾಕ್‌ನೆಲ್, ಕ್ಯಾಂಬರ್ಲಿ, ಫ್ಲೀಟ್, ವೋಕಿಂಗ್ ಮುಂತಾದ ಊರುಗಳ ನಡುನಡುವೆ ಚದುರಿದ ತುಂಡುಗಳ ಸಮೂಹ. ಈ ಊರುಗಳಿಂದ ಲಂಡನ್ನಿಗೆ ದಿನವೂ ಕೆಲಸಕ್ಕೆ ಹೋಗಿಬರಬಹುದಾದುದರಿಂದ ಇಲ್ಲಿ ಮನೆಗಳಿಗೆ ಬೇಡಿಕೆ ಅಪಾರ.

ನೆಲವನ್ನೇ ನಂಬಿದ ಮೂರು ಹಕ್ಕಿಗಳು

ಈ ಪ್ರದೇಶಕ್ಕೆ ರಕ್ಷಣೆ ದೊರೆತದ್ದು ಮೂರು ಹಕ್ಕಿಗಳ ಸಲುವಾಗಿ.

ಮೊದಲನೆಯದು ನೈಟ್‌ಜಾರ್, ನಮ್ಮ ನತ್ತಿಂಗ ಹಕ್ಕಿಯ ಬಳಗಕ್ಕೆ ಸೇರಿದ್ದು. ಆಫ್ರಿಕದಲ್ಲಿ ಚಳಿಗಾಲ ಕಳೆದು ವಸಂತದ ಕೊನೆಯಲ್ಲಿ ಇಲ್ಲಿಗೆ ಬರುತ್ತದೆ. ಹಗಲೆಲ್ಲ ಒಣಗಿದ ತರಗೆಲೆಯಂತೆ ನೆಲಕ್ಕೆ ಅಂಟಿ ಕುಳಿತು, ಮುಸ್ಸಂಜೆಯಲ್ಲಿ ಪತಂಗಗಳನ್ನು ಬೇಟೆಯಾಡುತ್ತದೆ. ಗೂಡು ಕಟ್ಟದೆ ಬರಿನೆಲದ ಮೇಲೆಯೇ ಎರಡು ಮೊಟ್ಟೆಗಳನ್ನಿಡುತ್ತದೆ. ಎರಡನೆಯದು ವುಡ್‌ಲಾರ್ಕ್, ನೆಲಗುಬ್ಬಿಯ ಸಂಬಂಧಿ. ಇದರ ಗೂಡೂ ನೆಲದ ಮೇಲೆಯೇ. ಮೂರನೆಯದು ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ. ಹೆದರ್ ಮತ್ತು ಗೋರ್ಸ್ ಪೊದೆಗಳಲ್ಲಿ ನೆಲಕ್ಕೆ ಸಮೀಪವಾಗಿ ಗೂಡು ಕಟ್ಟುವ ಇದು ಚಳಿಗಾಲದಲ್ಲೂ ವಲಸೆ ಹೋಗುವುದಿಲ್ಲ. 1962-63ರ ಕಠೋರ ಚಳಿಗಾಲದ ಬಳಿಕ ಇಡೀ ಬ್ರಿಟನ್ನಿನಲ್ಲಿ ಈ ಹಕ್ಕಿಯ ಹತ್ತು ಜೋಡಿಗಳಷ್ಟೇ ಉಳಿದಿದ್ದವು. ಅಲ್ಲಿಂದ ಅದು ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು.

ಹಾನಿ ಆಗುವ ಬಗೆ

ಹೆಜ್ಜೆಯ ಸದ್ದಿಗೋ ನಾಯಿಯ ಸುಳಿವಿಗೋ ಬೆದರಿದ ಹಕ್ಕಿ ಮೊಟ್ಟೆಯ ಮೇಲಿಂದ ಎದ್ದು ಹಾರುತ್ತದೆ. ಹಕ್ಕಿಯ ಮೈಬಣ್ಣವೇ ಮೊಟ್ಟೆಗಳಿಗೆ ಮರೆ. ಆ ಮರೆ ಹೋದ ಕೆಲವು ನಿಮಿಷಗಳಲ್ಲಿ ಕಾಗೆಯ ಕಣ್ಣಿಗೆ ಮೊಟ್ಟೆ ಬೀಳಬಹುದು. ಮತ್ತೆ ಮತ್ತೆ ಹೀಗಾದರೆ ಮೊಟ್ಟೆ ತಣ್ಣಗಾಗುತ್ತದೆ. ದಾರಿಯಲ್ಲಿ ನಡೆದುಹೋದ ವ್ಯಕ್ತಿಗೆ ಇದಾವುದೂ ತಿಳಿದಿರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಹಾನಿ ಇನ್ನೊಂದಿದೆ. ಜನಸಂಚಾರ ಹೆಚ್ಚಿದ ಕಡೆ ಹಕ್ಕಿ ನೆಲೆಸಲು ಹಿಂಜರಿಯುತ್ತದೆ. ನೆಲ ಚೆನ್ನಾಗಿದ್ದರೂ ಖಾಲಿ ಉಳಿಯುತ್ತದೆ. ಡಾರ್ಸೆಟ್ ಪ್ರಾಂತದ ಹೀತ್‌ಗಳಲ್ಲಿ ವುಡ್‌ಲಾರ್ಕ್ ಕುರಿತು ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಗಂಟೆಗೆ ಸುಮಾರು 8 ಬಾರಿ ಜನರು ಹಾದುಹೋಗುವ ತಾಣಗಳಲ್ಲಿ, ನೆಲ ಯೋಗ್ಯವಾಗಿದ್ದರೂ, ಹಕ್ಕಿ ನೆಲೆಸುವ ಸಾಧ್ಯತೆ ಅರ್ಧದಷ್ಟಕ್ಕೆ ಇಳಿಯುತ್ತದೆ. ನಕ್ಷೆಯಲ್ಲಿ ಸಂರಕ್ಷಿತ ಪ್ರದೇಶದ ವಿಸ್ತೀರ್ಣ ಒಂದು ಗೇಣೂ ಕಡಿಮೆಯಾಗಿರುವುದಿಲ್ಲ. ಹಕ್ಕಿಯ ಪಾಲಿಗೆ ಮಾತ್ರ ಅದು ಕಿರಿದಾಗಿರುತ್ತದೆ.

ಇವುಗಳ ಜೊತೆಗೆ ಬೆಂಕಿಯ ಅಪಾಯವೂ ಸೇರುತ್ತದೆ. ಒಣಗಿದ ಹೆದರ್ ಪೊದೆ ಬೇಗನೆ ಹೊತ್ತಿಕೊಳ್ಳುತ್ತದೆ. 2011ರ ಮೇ ತಿಂಗಳಲ್ಲಿ ಬರ್ಕ್‌ಶೈರಿನ ಸ್ವಿನ್ಲಿ ಅರಣ್ಯದಲ್ಲೂ 2020ರ ಆಗಸ್ಟಿನಲ್ಲಿ ಸರ್ರೆಯ ಚೋಬಮ್ ಬಯಲಿನಲ್ಲೂ ದೊಡ್ಡ ಬೆಂಕಿಗಳು ಸಂಭವಿಸಿದವು. ಜನಸಂಚಾರ ಹೆಚ್ಚಿದಷ್ಟೂ ಕಿಡಿ ಬೀಳುವ ಸಂಭವವೂ ಹೆಚ್ಚು. ನಾಯಿಗಳ ಮಲಮೂತ್ರ ಸೇರಿದರೆ ಸತ್ತ್ವಹೀನವಾಗಿಯೇ ಇರಬೇಕಾದ ನೆಲ ಫಲವತ್ತಾಗಿ, ಹೆದರ್ ಇರುವಲ್ಲಿ ಹುಲ್ಲು ಬೆಳೆಯುತ್ತದೆ.

ಹನಿಗೂಡಿದ ಹಳ್ಳ

ಒಬ್ಬ ಕಟ್ಟಡಗಾರ ಹತ್ತು ಮನೆ ಕಟ್ಟುತ್ತಾನೆ ಎಂದುಕೊಳ್ಳೋಣ. ಆ ಹತ್ತು ಮನೆಗಳಿಂದ ಬಯಲಿಗೆ ಬರುವವರು ಬೆರಳೆಣಿಕೆಯಷ್ಟು. 'ನನ್ನ ಯೋಜನೆಯಿಂದ ಹಾನಿಯಿಲ್ಲ' ಎಂದು ಅವನು ಹೇಳಿದರೆ ಅದು ಸುಳ್ಳಲ್ಲ. ಆದರೆ ಅದೇ ಮಾತನ್ನು ನೂರಾರು ಕಟ್ಟಡಗಾರರು ಹೇಳಿದಾಗ ಹನಿಹನಿಗೂಡಿ ಹಳ್ಳವಾಗುತ್ತದೆ. ಬಿಡಿಬಿಡಿಯಾಗಿ ನೋಡುವ ಕಾನೂನು ಈ ಹಳ್ಳವನ್ನು ಕಾಣಲಾರದು.

ಯುರೋಪಿನ ಕಾನೂನು ಇದನ್ನು ಮುಂಗಂಡಿತ್ತು. 1979ರ ಪಕ್ಷಿ ನಿರ್ದೇಶನ ಮತ್ತು 1992ರ ನಿಸರ್ಗ ನೆಲೆಗಳ ನಿರ್ದೇಶನಗಳ ಪ್ರಕಾರ, ಒಂದು ಯೋಜನೆಯ ಪರಿಣಾಮವನ್ನು ಇತರ ಯೋಜನೆಗಳ ಪರಿಣಾಮದೊಂದಿಗೆ ಕೂಡಿಸಿ ಪರಿಶೀಲಿಸಬೇಕು. ಸಂರಕ್ಷಿತ ಪ್ರದೇಶದ ಸಮಗ್ರತೆಗೆ ಧಕ್ಕೆಯಾಗದೆಂದು ಖಚಿತವಾದ ಬಳಿಕವೇ ಸಾಮಾನ್ಯವಾಗಿ ಅನುಮತಿ ನೀಡಬೇಕು. ಬ್ರಿಟನ್ 2020ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬಂದರೂ ಈ ನಿಯಮಗಳನ್ನು ತನ್ನದೇ ಕಾನೂನಿನಲ್ಲಿ ಉಳಿಸಿಕೊಂಡಿತು.

ಥೇಮ್ಸ್ ಬೇಸಿನ್ ಹೀತ್ಸ್ 2005ರಲ್ಲಿ ಸಂರಕ್ಷಿತವಾದಾಗ ಈ ನಿಯಮ ಅಲ್ಲಿನ ಮನೆಗಳಿಗೂ ಅನ್ವಯಿಸಿತು. ಸರ್ಕಾರದ ನಿಸರ್ಗ ಸಲಹಾ ಸಂಸ್ಥೆ ಹೊಸ ಮನೆಗಳಿಗೆ ಆಕ್ಷೇಪಣೆ ಎತ್ತಿತು. ಅನೇಕ ಊರುಗಳಲ್ಲಿ ಕಟ್ಟಡ ಅನುಮತಿಗಳು ನೆನೆಗುದಿಗೆ ಬಿದ್ದವು. ಮನೆ ಬೇಡವೆನ್ನುವಂತಿಲ್ಲ, ಹಕ್ಕಿ ಬೇಡವೆನ್ನುವಂತೆಯೂ ಇಲ್ಲ ಎಂಬ ಸ್ಥಿತಿ ಉಂಟಾಯಿತು. ಆಗ ಆ ಭಾಗದ ಸ್ಥಳೀಯ ಆಡಳಿತಗಳು ಒಂದುಗೂಡಿ 2009ರಲ್ಲಿ ಒಂದು ಸಮಾನ ಕಾರ್ಯಚೌಕಟ್ಟನ್ನು ಒಪ್ಪಿಕೊಂಡವು.

ದೂರಕ್ಕೆ ತಕ್ಕ ನಿಯಮ

ಈ ಚೌಕಟ್ಟು ಸಂರಕ್ಷಿತ ಪ್ರದೇಶದ ಸುತ್ತ ದೂರವನ್ನು ಅನುಸರಿಸಿ ವಲಯಗಳನ್ನು ಗುರುತಿಸುತ್ತದೆ.

ಗಡಿಯಿಂದ 400 ಮೀಟರ್ ಒಳಗೆ ವಾಸದ ಮನೆಗಳ ಸಂಖ್ಯೆ ಹೆಚ್ಚಬಾರದು. ಇಷ್ಟು ಹತ್ತಿರದ ನಿವಾಸಿಗಳಿಗೆ ಬಯಲೇ ಮನೆಯಂಗಳ. ಸಾಕಿದ ಬೆಕ್ಕು ರಾತ್ರಿ ಅಲ್ಲಿಗೇ ಬೇಟೆಗೆ ಹೋಗುತ್ತದೆ. ಬೇರೆಡೆ ಎಷ್ಟು ಚೆಲುವಾದ ಉದ್ಯಾನವಿದ್ದರೂ ಬೆಕ್ಕಿಗೆ ಅದು ಲೆಕ್ಕಕ್ಕಿಲ್ಲ.

400 ಮೀಟರಿನಿಂದ 5 ಕಿಲೋಮೀಟರ್ ವರೆಗಿನ ವಲಯದಲ್ಲಿ ಮನೆ ಕಟ್ಟಬಹುದು. ಆದರೆ ಆ ಮನೆಗಳ ನಿವಾಸಿಗಳಿಗಾಗಿ ಪರ್ಯಾಯ ಹಸಿರುತಾಣವೊಂದನ್ನು ಒದಗಿಸಬೇಕು. ಬಯಲಿಗೆ ಬರುವವರಲ್ಲಿ ಬಹುಪಾಲು ಜನರು ಕಾರಿನಲ್ಲಿ ಬರುತ್ತಾರೆ, ಅವರಲ್ಲಿ ಹೆಚ್ಚಿನವರು ಈ ದೂರದೊಳಗಿನವರು ಎಂಬುದು ಸಮೀಕ್ಷೆಗಳಿಂದ ತಿಳಿದುಬಂದಿತ್ತು. 5ರಿಂದ 7 ಕಿಲೋಮೀಟರ್ ನಡುವೆ 50ಕ್ಕಿಂತ ಹೆಚ್ಚು ಮನೆಗಳ ಯೋಜನೆಗಳನ್ನು ಒಂದೊಂದಾಗಿ ಪರಿಶೀಲಿಸಲಾಗುತ್ತದೆ.

ಪರ್ಯಾಯ ಹಸಿರುತಾಣ ಎಂದರೇನು?

ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು 'ಸ್ಯಾಂಗ್' ಎನ್ನುತ್ತಾರೆ. 'ಸೂಕ್ತ ಪರ್ಯಾಯ ನೈಸರ್ಗಿಕ ಹಸಿರುತಾಣ' ಎಂಬುದು ಅದರ ಅರ್ಥ. ಇಲ್ಲಿ 'ಸೂಕ್ತ' ಎಂಬ ವಿಶೇಷಣವೇ ಮುಖ್ಯ. ಹುಲ್ಲುಹಾಸು, ಕಾರಂಜಿ, ಸಿಮೆಂಟಿನ ಬೆಂಚುಗಳಿರುವ ಉದ್ಯಾನ ಇಲ್ಲಿ ಸಲ್ಲದು. ಬಯಲಿಗೆ ಹೋಗುವವನು ಹುಡುಕುವುದು ಏಕಾಂತ, ವಿಸ್ತಾರ ಮತ್ತು ನಾಯಿಯನ್ನು ಹಗ್ಗ ಬಿಚ್ಚಿ ಬಿಡುವ ಸ್ವಾತಂತ್ರ್ಯ. ಅವನ್ನು ಒದಗಿಸದ ತಾಣಕ್ಕೆ ಅವನು ಬರುವುದಿಲ್ಲ.

ಆದುದರಿಂದ ಮಾರ್ಗಸೂಚಿ ಬಹಳ ವ್ಯಾವಹಾರಿಕವಾಗಿದೆ. ತಾಣದೊಳಗೆ ಹೊರಟಲ್ಲಿಗೇ ಮರಳುವಂತಹ, ಸುಮಾರು 2.3ರಿಂದ 2.5 ಕಿಲೋಮೀಟರ್ ಉದ್ದದ ಸುತ್ತುದಾರಿ ಇರಬೇಕು. 4 ಹೆಕ್ಟೇರಿಗಿಂತ ದೊಡ್ಡ ತಾಣಕ್ಕೆ ಸಾಮಾನ್ಯವಾಗಿ ಕಾರು ನಿಲುಗಡೆ ಬೇಕು. ನಾಯಿಗಳು ಬಿಡುವಾಗಿ ಓಡಾಡುವಂತಿರಬೇಕು. ದಾರಿಗಳು ಸುರಕ್ಷಿತವೆನಿಸಬೇಕು, ಆದರೆ ಪಟ್ಟಣದ ರಸ್ತೆಯಂತೆ ಕಾಣಬಾರದು. ಕೊಳಚೆ ಶುದ್ಧೀಕರಣ ಘಟಕದಂಥವುಗಳ ದುರ್ವಾಸನೆ ಇರಬಾರದು. ತಾಣ ಚಿಕ್ಕದಾದರೆ ಅದು ಸೆಳೆಯುವ ದೂರವೂ ಚಿಕ್ಕದು: 2ರಿಂದ 12 ಹೆಕ್ಟೇರಿನ ತಾಣಕ್ಕೆ 2 ಕಿಲೋಮೀಟರ್, 12ರಿಂದ 20 ಹೆಕ್ಟೇರಿನದಕ್ಕೆ 4 ಕಿಲೋಮೀಟರ್, ಅದಕ್ಕೂ ದೊಡ್ಡದಕ್ಕೆ 5 ಕಿಲೋಮೀಟರ್ ಎಂದು ಗಣಿಸಲಾಗುತ್ತದೆ.

ವಿಸ್ತೀರ್ಣದ ಲೆಕ್ಕ ಸರಳ. ಪ್ರತಿ 1,000 ಹೊಸ ನಿವಾಸಿಗಳಿಗೆ ಕನಿಷ್ಠ 8 ಹೆಕ್ಟೇರ್ ಬೇಕು. 500 ಮನೆಗಳ ಬಡಾವಣೆಯೊಂದನ್ನು ತೆಗೆದುಕೊಳ್ಳೋಣ. ಮನೆಗೆ ಸರಾಸರಿ 2.4 ಜನರೆಂದರೆ ಒಟ್ಟು 1,200 ಜನ. ಅವರಿಗೆ 9.6 ಹೆಕ್ಟೇರ್, ಅಂದರೆ ಸುಮಾರು 24 ಎಕರೆ ಹಸಿರುತಾಣ ಅಗತ್ಯ. ತಲಾ 80 ಚದರ ಮೀಟರ್ ಆಯಿತು. ದೊಡ್ಡ ಕಟ್ಟಡಗಾರನು ಇದನ್ನು ತಾನೇ ಸಿದ್ಧಪಡಿಸಬಹುದು. ಚಿಕ್ಕವನು ಸ್ಥಳೀಯ ಆಡಳಿತ ರೂಪಿಸಿದ ತಾಣಕ್ಕೆ ತನ್ನ ಪಾಲಿನ ಹಣ ತೆರಬಹುದು.

ಎರಡು ಷರತ್ತುಗಳು ಈ ವ್ಯವಸ್ಥೆಯ ಜೀವಾಳ. ಒಂದು, ಮನೆಗೆ ಜನರು ಬರುವ ಮುನ್ನವೇ ತಾಣ ಸಿದ್ಧವಾಗಿರಬೇಕು. ಹೊಸ ಊರಿಗೆ ಬಂದವನು ಮೊದಲ ವಾರದಲ್ಲಿ ಎಲ್ಲಿಗೆ ನಡೆದಾಡಲು ಹೋಗುತ್ತಾನೋ ಅದೇ ಅವನ ರೂಢಿಯಾಗುವುದು ಸಹಜ. ಎರಡು, ತಾಣದ ನಿರ್ವಹಣೆಗೆ ಶಾಶ್ವತ ಎನ್ನಬಹುದಾದಷ್ಟು ದೀರ್ಘಕಾಲದ ಹಣವನ್ನು ಮೊದಲೇ ಕಾದಿರಿಸಬೇಕು. ಮನೆ ಇರುವಷ್ಟು ಕಾಲ ಒತ್ತಡವೂ ಇರುತ್ತದೆ.

ಇದು ಆದ ನಷ್ಟವನ್ನು ತುಂಬಿಕೊಡುವ ವಿಧಾನವಲ್ಲ, ನಷ್ಟವಾಗದಂತೆ ನೋಡಿಕೊಳ್ಳುವ ವಿಧಾನ ಎಂಬ ಭೇದವನ್ನು ಓದುಗರು ಮನಗಾಣಬೇಕು. ಒಂದೆಡೆ ಕಾಡು ಕಡಿದು ಇನ್ನೊಂದೆಡೆ ಸಸಿ ನೆಡುವುದು ಮೊದಲನೆಯ ಬಗೆ. ಇಲ್ಲಿ ಹಕ್ಕಿಗೆ ಬೇರೆ ನೆಲೆ ಹುಡುಕುತ್ತಿಲ್ಲ. ಮನುಷ್ಯನಿಗೆ ಬೇರೆ ದಾರಿ ತೋರಿಸಲಾಗುತ್ತಿದೆ.

ಬಯಲಿನೊಳಗಿನ ಕೆಲಸ

ಪರ್ಯಾಯ ತಾಣವಿದ್ದರೂ ಕೆಲವರು ಬಯಲಿಗೆ ಬಂದೇ ಬರುತ್ತಾರೆ. ಅದಕ್ಕಾಗಿ ಪ್ರತಿ ಹೊಸ ಮನೆಯಿಂದಲೂ ಇನ್ನೊಂದು ವಂತಿಗೆ ಪಡೆಯಲಾಗುತ್ತದೆ. ಈ ಹಣದಿಂದ ಮೇಲ್ವಿಚಾರಕರನ್ನು ನೇಮಿಸಲಾಗಿದೆ. ಗೂಡು ಕಟ್ಟುವ ತಿಂಗಳುಗಳಲ್ಲಿ ದಾರಿ ಬಿಟ್ಟು ಹೋಗಬೇಡಿರೆಂದೂ ನಾಯಿಯನ್ನು ಹತ್ತಿರವೇ ಇರಿಸಿಕೊಳ್ಳಿರೆಂದೂ ಅವರು ಬಂದವರಿಗೆ ತಿಳಿಹೇಳುತ್ತಾರೆ. ಜನರ ಎಣಿಕೆ ಮತ್ತು ಹಕ್ಕಿಗಳ ಗಣತಿಯೂ ಇದೇ ನಿಧಿಯಿಂದ ನಡೆಯುತ್ತದೆ. ಒಂದು ಕೈ ಜನರನ್ನು ಬೇರೆಡೆಗೆ ಸೆಳೆಯುತ್ತದೆ, ಇನ್ನೊಂದು ಕೈ ಬಂದವರ ನಡತೆಯನ್ನು ತಿದ್ದುತ್ತದೆ.

ಮಿತಿಗಳು

ಈ ವ್ಯವಸ್ಥೆ ಎಲ್ಲ ಸಂದೇಹಗಳಿಗೂ ಉತ್ತರವಲ್ಲ. ಮನೆಗಳು ಹೆಚ್ಚಿದ ಪ್ರಮಾಣದಲ್ಲಿ ಬಯಲಿನ ಜನಸಂಚಾರ ಹೆಚ್ಚಿಲ್ಲವೆಂಬುದನ್ನು ಕಾಲಕಾಲದ ಸಮೀಕ್ಷೆಗಳು ಸೂಚಿಸಿವೆ. ಇದು ಸಮಾಧಾನದ ಸಂಗತಿ. ಆದರೆ ಹಕ್ಕಿಗಳ ಸಂಖ್ಯೆಯ ಏರಿಳಿತಕ್ಕೆ ಚಳಿಗಾಲದ ತೀವ್ರತೆ, ಬೆಂಕಿ, ಪೊದೆಗಳ ನಿರ್ವಹಣೆ ಮೊದಲಾದ ಅನೇಕ ಕಾರಣಗಳಿವೆ. ಅವುಗಳಿಂದ ಪರ್ಯಾಯ ತಾಣದ ಪ್ರಭಾವವನ್ನು ಬೇರ್ಪಡಿಸಿ ತೋರಿಸುವುದು ಕಷ್ಟ.

ತಾಣಕ್ಕೆ ಆರಿಸಿದ ನೆಲದಲ್ಲಿಯೂ ಜೀವಿಗಳಿರುತ್ತವೆ. ಹಳೆಯ ಹುಲ್ಲುಗಾವಲನ್ನು ನಾಯಿಗಳ ಓಡಾಟಕ್ಕೆ ಬಿಟ್ಟುಕೊಟ್ಟರೆ ಒಂದು ಕಡೆಯ ಒತ್ತಡವನ್ನು ಇನ್ನೊಂದು ಕಡೆಗೆ ಸಾಗಿಸಿದಂತಾಗುತ್ತದೆ. ಭೂಮಿಯ ಬೆಲೆ ಏರಿದಂತೆ ತಾಣ ಒದಗಿಸುವುದು ದುಬಾರಿಯಾಗಿ ಆ ಭಾರ ಮನೆಯ ಬೆಲೆಯ ಮೇಲೂ ಬೀಳಬಹುದು. ಕಾಗದದ ಮೇಲಿನ ಭರವಸೆ ಸಾಲದು ಎಂಬುದನ್ನು ನ್ಯಾಯಾಲಯವೂ ಒತ್ತಿ ಹೇಳಿದೆ. ತಗ್ಗಿಸುವ ಕ್ರಮಗಳಿವೆ ಎಂಬ ಕಾರಣಕ್ಕೆ ಆರಂಭದಲ್ಲಿಯೇ ಪೂರ್ಣ ಪರಿಶೀಲನೆಯನ್ನು ಕೈಬಿಡುವಂತಿಲ್ಲವೆಂದು ಯುರೋಪಿನ ಉನ್ನತ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಪ್ರಕರಣವೊಂದರಲ್ಲಿ, ತೀರ್ಪು ನೀಡಿತು.

ನಮ್ಮ ನಗರಗಳಲ್ಲಿ

ನಗರದ ಮಗ್ಗುಲಲ್ಲಿಯೇ ಸಂರಕ್ಷಿತ ಕಾಡು ಇರುವುದು ನಮ್ಮ ದೇಶಕ್ಕೆ ಹೊಸತಲ್ಲ. ಮುಂಬಯಿಯಲ್ಲಿ ನೂರು ಚದರ ಕಿಲೋಮೀಟರಿಗೂ ವಿಶಾಲವಾದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಚೆನ್ನೈಯಲ್ಲಿ ಗಿಂಡಿ, ಹೈದರಾಬಾದಿನಲ್ಲಿ ಕಾಸು ಬ್ರಹ್ಮಾನಂದ ರೆಡ್ಡಿ ಉದ್ಯಾನ, ದೆಹಲಿಯಲ್ಲಿ ಅಸೋಲಾ ಭಟ್ಟಿ ಅಭಯಾರಣ್ಯ, ಬೆಂಗಳೂರಿನ ಅಂಚಿನಲ್ಲಿ ಬನ್ನೇರುಘಟ್ಟ ಇವೆ. ಇವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಗಡಿಯ ಹೊರಗಿನ ಚಟುವಟಿಕೆಗಳನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ವಲಯಗಳನ್ನು ಘೋಷಿಸುತ್ತದೆ. ಸಂಜಯ ಗಾಂಧಿ ಉದ್ಯಾನದ ಸುತ್ತ ಇಂತಹ ವಲಯ 2016ರಲ್ಲಿ ಜಾರಿಗೆ ಬಂತು. ಬನ್ನೇರುಘಟ್ಟಕ್ಕೆ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಸೂಚಿಸಲಾಗಿತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84 ಚದರ ಕಿಲೋಮೀಟರ್ ಆಯಿತು.

ಈ ವಲಯಗಳು ಗಣಿ, ಕಾರ್ಖಾನೆ, ಕಟ್ಟಡ ಮತ್ತು ಪ್ರವಾಸೋದ್ಯಮಗಳಿಗೆ ಕಟ್ಟುಪಾಡು ವಿಧಿಸುತ್ತವೆ. ಆದರೆ ಇಷ್ಟು ಹೊಸ ಮನೆಗಳಿಗೆ ಇಷ್ಟು ಪರ್ಯಾಯ ವಿಹಾರತಾಣ ಎಂಬ ಲೆಕ್ಕವನ್ನು ಕೇಳುವುದಿಲ್ಲ. ನಗರ ಯೋಜನೆಯ 2014ರ ಕೇಂದ್ರ ಮಾರ್ಗಸೂಚಿ ತಲಾ 10ರಿಂದ 12 ಚದರ ಮೀಟರ್ ತೆರೆದ ಸ್ಥಳವನ್ನು ಸೂಚಿಸುತ್ತದೆ. ಇಂಗ್ಲೆಂಡಿನ 80 ಚದರ ಮೀಟರನ್ನು ನಮ್ಮ ದಟ್ಟ ನಗರಗಳಿಗೆ ಹಾಗೆಯೇ ತಂದು ಹಚ್ಚುವುದು ಅಸಾಧ್ಯ. ಅಲ್ಲಿನ ಸಮಸ್ಯೆಯ ಕೇಂದ್ರ ನಾಯಿ ಮತ್ತು ನೆಲಗೂಡಿನ ಹಕ್ಕಿ. ನಮ್ಮ ಕಾಡುಗಳ ಅಂಚಿನಲ್ಲಿ ಚಿರತೆ, ಆನೆ, ಕಸ, ಬೆಂಕಿ ಎಲ್ಲವೂ ಬೆರೆತಿವೆ.

ಆದರೂ ತತ್ತ್ವ ಇಲ್ಲಿಗೆ ಅನ್ಯವಲ್ಲ. ಪುಣೆಯ ವಾರ್ಜೆಯಲ್ಲಿ ಅರಣ್ಯ ಇಲಾಖೆಯ ಬರಡು ನೆಲವೊಂದು ನಾಗರಿಕರ ಸಹಭಾಗಿತ್ವದಿಂದ ನಗರ ಅರಣ್ಯವಾಯಿತು. ಅದನ್ನು ಮಾದರಿಯಾಗಿ ಮುಂದಿಟ್ಟುಕೊಂಡು 2020ರ ವಿಶ್ವ ಪರಿಸರ ದಿನದಂದು ಕೇಂದ್ರ ಸರ್ಕಾರ ನಗರ ವನ ಯೋಜನೆಯನ್ನು ಪ್ರಕಟಿಸಿತು. ದೆಹಲಿಯಲ್ಲಿ ಗಣಿಗಾರಿಕೆಯಿಂದ ಹಾಳಾಗಿದ್ದ ನೆಲವೇ ಅರಾವಳಿ ಜೀವವೈವಿಧ್ಯ ಉದ್ಯಾನವಾಗಿದೆ. ಇಂತಹ ತಾಣಗಳಲ್ಲಿ ನಡೆದಾಡುವವನು ರಾಷ್ಟ್ರೀಯ ಉದ್ಯಾನದ ಮೇಲಿನ ಭಾರವನ್ನು ಅಷ್ಟರಮಟ್ಟಿಗೆ ಇಳಿಸುತ್ತಾನೆ. ಕೊರತೆಯಿರುವುದು ಜೋಡಣೆಯಲ್ಲಿ. ಕಾಡಿನ ಬಳಿಯ ಬಡಾವಣೆಗೆ ಅನುಮತಿ ನೀಡುವಾಗಲೇ ಅಲ್ಲಿನ ನಿವಾಸಿಗಳು ಎಲ್ಲಿ ನಡೆದಾಡುತ್ತಾರೆ ಎಂಬ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಮನೆಗಳಿಗಿಂತ ಮೊದಲೇ ನೆಲದ ಮೇಲೆ ಕಾಣುವಂತೆ ಮಾಡುವುದು ಇನ್ನೂ ನಮ್ಮ ರೂಢಿಯಾಗಿಲ್ಲ.

ಬೇಲಿ ಹಾಕಿ ಜನರನ್ನು ಹೊರಗಿಡುವುದರಿಂದ ಮಾತ್ರ ಕಾಡು ಉಳಿಯದು. ಹಸಿರನ್ನು ಅರಸಿ ಹೊರಟವನಿಗೆ ಮನೆಯ ಹತ್ತಿರವೇ ಒಳ್ಳೆಯ ಹಸಿರು ದೊರೆತರೆ ಅವನು ಕಾಡಿನ ಹಿತಚಿಂತಕನಾಗಿಯೇ ಉಳಿಯುತ್ತಾನೆ. ಗಡಿಯ ಕಲ್ಲಿನಲ್ಲಿ ಆರಂಭವಾಗುವ ಸಂರಕ್ಷಣೆ ತಡವಾದ ಸಂರಕ್ಷಣೆ. ಅದು ಬಡಾವಣೆಯ ನಕ್ಷೆಯಲ್ಲಿಯೇ ಆರಂಭವಾಗಬೇಕು.

ಮನನಕ್ಕೆ ಕೆಲವು ಪ್ರಶ್ನೆಗಳು

1. ಸಂರಕ್ಷಿತ ಪ್ರದೇಶದ ವಿಸ್ತೀರ್ಣ ಕಡಿಮೆಯಾಗದಿದ್ದರೂ ಹಕ್ಕಿಯ ಪಾಲಿಗೆ ಅದು ಕಿರಿದಾಗುವುದು ಹೇಗೆ?

2. 400 ಮೀಟರ್ ಒಳಗಿನ ವಲಯಕ್ಕೆ ಪರ್ಯಾಯ ಹಸಿರುತಾಣ ಏಕೆ ಪರಿಹಾರವಾಗಲಾರದು?

3. 250 ಮನೆಗಳ ಬಡಾವಣೆಗೆ, ಮನೆಗೆ 2.4 ಜನರಂತೆ, ಎಷ್ಟು ಹೆಕ್ಟೇರ್ ಪರ್ಯಾಯ ತಾಣ ಬೇಕು?

4. ನೀವು ವಾಸಿಸುವ ನಗರದಲ್ಲಿ ಸಂರಕ್ಷಿತ ಕಾಡಿನ ಮೇಲಿನ ಭಾರವನ್ನು ಇಳಿಸಬಲ್ಲ ಪಾಳುನೆಲಗಳು ಎಲ್ಲಿವೆ?